ಬೆಳಗಿನ ಜಾವ ನಾಲ್ಕಕ್ಕೆ ಎತ್ತುವ ಶಟರು: ಸದ್ದಿಲ್ಲದ ಗ್ಯಾರೇಜ್ ಬಾಗಿಲು ಯಾವುದು?

ಪ್ರಶ್ನೆ: ವಿಜಯನಗರದಲ್ಲಿ 30×40 ನಿವೇಶನದ ಮನೆ ನಮ್ಮದು. ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಕಬ್ಬಿಣದ ರೋಲಿಂಗ್ ಶಟರ್ ಇದೆ. ಅದರ ನೇರ ಮೇಲಕ್ಕೆ ನಮ್ಮ ಮಾವನವರು ಮಲಗುವ ಕೋಣೆ. ನಮ್ಮ ಯಜಮಾನರು ವಾರದಲ್ಲಿ ಮೂರು ದಿನ ಬೆಳಗಿನ ಜಾವ 4 ಗಂಟೆಗೇ ಕೆಲಸಕ್ಕೆ ಹೊರಡುತ್ತಾರೆ. ಶಟರ್ ಎತ್ತಿದ ಕೂಡಲೇ 80 ದಾಟಿದ ಮಾವನವರಿಗೂ ಎಂಟು ತಿಂಗಳ ಮಗುವಿಗೂ ಎಚ್ಚರವಾಗುತ್ತದೆ. ಮೋಟರ್ ಹಾಕಿಸಿದರೆ ಸದ್ದು ನಿಂತುಹೋಗುತ್ತದೆ ಎಂದು ಶಟರ್ ಅಂಗಡಿಯವರು ಹೇಳುತ್ತಾರೆ. ನಿಜವೇ? ಬಾಗಿಲನ್ನೇ ಬದಲಿಸುವುದಾದರೆ ಎಂಥದನ್ನು ಆರಿಸಿಕೊಳ್ಳಬೇಕು? (ಒಬ್ಬ ಓದುಗರು, ವಿಜಯನಗರ)

ಉತ್ತರ: ಈಗಿರುವ ಶಟರಿಗೇ ಮೋಟರ್ ಕೂರಿಸಿದರೆ ನಿಮ್ಮ ಯಜಮಾನರ ಬೆನ್ನಿಗೆ ಆರಾಮವಾಗಬಹುದು, ಮಾವನವರ ನಿದ್ದೆಗೆ ಆಗುವುದಿಲ್ಲ. ಏಕೆಂದರೆ ಸದ್ದು ಹುಟ್ಟುತ್ತಿರುವುದು ಎತ್ತುವ ಕೈಯಿಂದಲ್ಲ, ಬಾಗಿಲಿನ ರಚನೆಯಿಂದ. ಶಟರಿನ ಕಬ್ಬಿಣದ ಪಟ್ಟಿಗಳು ಒಂದರ ಅಂಚಿನೊಳಗೆ ಇನ್ನೊಂದು ಕೊಂಡಿಯಂತೆ ಸಿಕ್ಕಿಕೊಂಡಿರುತ್ತವೆ. ಅವು ಮೇಲಿನ ದಂಡಕ್ಕೆ ಸುತ್ತಿಕೊಳ್ಳಬೇಕಾದರೆ ಕೊಂಡಿಗಳಲ್ಲಿ ಒಂದಿಷ್ಟು ಸಡಿಲ ಇರಲೇಬೇಕು. ಆ ಸಡಿಲವೇ ಗಡಗಡ ಸದ್ದಿನ ಮೂಲ. ಇದರ ಜೊತೆಗೆ ಪ್ರತಿ ಪಟ್ಟಿಯ ತುದಿಯೂ ಎರಡೂ ಬದಿಯ ಗೈಡ್ ಚಾನೆಲ್ಲಿನ ಬರಿಯ ಕಬ್ಬಿಣಕ್ಕೆ ಉಜ್ಜುತ್ತ, ಬಡಿಯುತ್ತ ಮೇಲೇರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗುವವರೆಗೆ ಅದನ್ನು ಯಾರು ಎಳೆದರೂ ಸದ್ದು ತಪ್ಪದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ರಾಜಾಜಿನಗರದಲ್ಲಿ ನಿಮ್ಮ ಮನೆಯಂಥದೇ ಒಂದು ಮನೆಯನ್ನು ನೋಡಲು ಹೋಗಿದ್ದಾಗ, ಕೆಳಗೆ ಒಬ್ಬರಿಗೆ ಶಟರ್ ಎತ್ತಲು ಹೇಳಿ, ನಾನು ಮೇಲಿನ ಕೋಣೆಯಲ್ಲಿ ಮಂಚದ ತಲೆಯ ಕಡೆಯ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದೆ. ಕಿಟಕಿಗಳೆಲ್ಲ ಮುಚ್ಚಿದ್ದರೂ ಪಟ್ಟಿಗಳು ಒಂದೊಂದಾಗಿ ಸುತ್ತಿಕೊಳ್ಳುವುದು ಅಂಗೈಗೆ ಎಣಿಸುವಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ಶಟರಿನ ಬ್ರಾಕೆಟ್ಟು ಬೀಮಿಗೆ ಬೋಲ್ಟಿನಿಂದ ಬಿಗಿದಿತ್ತು. ಬೀಮು ಆ ನಡುಕವನ್ನು ಮೋಲ್ಡಿಗೂ ಗೋಡೆಗೂ ದಾಟಿಸುತ್ತಿತ್ತು. ಅಂದರೆ ನಿಮ್ಮ ಮನೆಯಲ್ಲಿ ಎರಡು ಸದ್ದುಗಳಿವೆ. ಗಾಳಿಯಲ್ಲಿ ಬರುವುದು ಎದುರು ಮನೆಯವರನ್ನು ಎಬ್ಬಿಸುತ್ತದೆ, ಕಾಂಕ್ರೀಟಿನಲ್ಲಿ ಹರಿದು ಬರುವುದು ನಿಮ್ಮ ಮಾವನವರನ್ನು ಎಬ್ಬಿಸುತ್ತದೆ. ಒಳ್ಳೆಯ ಬಾಗಿಲು ತಂದು, ಜೋಡಿಸುವಾಗ ಎರಡನೆಯದನ್ನು ಮರೆತರೆ ಹಣ ಕೊಟ್ಟೂ ನಿದ್ದೆ ಸಿಗುವುದಿಲ್ಲ.

ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಹಗಲಿಗೆ ಅದು 55. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾದಂತೆ ಕೇಳುತ್ತದೆ. ಹಗಲು ಹತ್ತಕ್ಕೆ ಯಾರೂ ಗಮನಿಸದ ಶಟರು ಬೆಳಗಿನ ಜಾವ ಬೀದಿಗೆಲ್ಲ ಕೇಳುವುದು ಸುತ್ತಲಿನ ಸದ್ದು ತಗ್ಗಿರುವುದಕ್ಕೇ.

ನಿಮ್ಮಂಥ ಮನೆಗೆ ನನ್ನ ಮೊದಲ ಆಯ್ಕೆ ಸೆಕ್ಷನಲ್ ಬಾಗಿಲು. ನಾಲ್ಕೈದು ಅಗಲವಾದ ಫಲಕಗಳು ಕೀಲುಗಳಿಂದ ಒಂದಕ್ಕೊಂದು ಸೇರಿಕೊಂಡು, ಬದಿಯ ಹಳಿಗಳಲ್ಲಿ ಚಿಕ್ಕ ಗಾಲಿಗಳ ಮೇಲೆ ಉರುಳುತ್ತ ಮೇಲೇರಿ, ಚಾವಣಿಯ ಕೆಳಗೆ ಅಡ್ಡವಾಗಿ ಮಲಗಿಕೊಳ್ಳುತ್ತವೆ. ಸುತ್ತಿಕೊಳ್ಳುವ ಕೆಲಸವೇ ಇಲ್ಲದ್ದರಿಂದ ಗಡಗಡ ಎನ್ನುವ ಪ್ರಶ್ನೆಯೂ ಇಲ್ಲ. ಫಲಕ ಎರಡು ತೆಳು ಉಕ್ಕಿನ ಹಾಳೆಗಳ ನಡುವೆ ಪಿಯು (ಪಾಲಿಯುರೆಥೇನ್) ಫೋಮ್ ತುಂಬಿದ್ದಾಗಿರಲಿ; 40 ಮಿಲಿಮೀಟರ್ ದಪ್ಪದ್ದು ಸುಲಭವಾಗಿ ಸಿಗುತ್ತದೆ. ಫೋಮ್ ಇಲ್ಲದ ಒಂಟಿ ಹಾಳೆಯ ಫಲಕ ತಗಡಿನ ಡಬ್ಬಿಯಂತೆ ಮೊಳಗುತ್ತದೆ, ಬೆಲೆ ಕಡಿಮೆಯೆಂದು ಅದಕ್ಕೆ ಒಪ್ಪಬೇಡಿ. ಗಾಲಿಗಳು ಮುಚ್ಚಿದ ಬೇರಿಂಗ್ ಇರುವ ನೈಲಾನಿನವಾಗಿರಲಿ. ಕಬ್ಬಿಣದ ಗಾಲಿಗೂ ನೈಲಾನ್ ಗಾಲಿಗೂ ಬೆಲೆಯಲ್ಲಿ ದೊಡ್ಡ ಅಂತರವಿಲ್ಲ, ಸದ್ದಿನಲ್ಲಿ ಇದೆ.

ಈ ಬಾಗಿಲಿನ ಭಾರವನ್ನೆಲ್ಲ ಹೊರುವುದು ಮೇಲಿನ ದಂಡದಲ್ಲಿ ತಿರುಚಿ ಬಿಗಿದಿರುವ ಸುರುಳಿ, ಅಂದರೆ ಟಾರ್ಷನ್ ಸ್ಪ್ರಿಂಗು, ಮೋಟರ್ ಅಲ್ಲ. ಸ್ಪ್ರಿಂಗು ಸರಿಯಾಗಿ ಬಿಗಿಯಾಗಿದ್ದರೆ ನೂರು ಕಿಲೋ ಆಸುಪಾಸಿನ ಬಾಗಿಲನ್ನೂ ಒಂದೇ ಕೈಯಲ್ಲಿ ಎತ್ತಬಹುದು. ಪರೀಕ್ಷೆ ಸುಲಭ: ಮೋಟರಿನ ಕೊಂಡಿ ಬಿಡಿಸಿ, ಬಾಗಿಲನ್ನು ಅರ್ಧಕ್ಕೆ ಎತ್ತಿ ಕೈ ಸಡಿಲಿಸಿ ನೋಡಬೇಕು. ಅದು ಅಲ್ಲಿಯೇ ನಿಂತರೆ ತೂಕ ಸರಿಯಾಗಿದೆ. ಕೆಳಗೆ ಕುಸಿದರೆ ಅಥವಾ ತಾನೇ ಮೇಲೆ ಹಾರಿದರೆ ಮೋಟರ್ ಪ್ರತಿ ಸಲವೂ ಒದ್ದಾಡುತ್ತದೆ, ಮುಲುಗುತ್ತದೆ, ಬೇಗ ಸವೆಯುತ್ತದೆ. ಕೆಲಸ ಮುಗಿದ ದಿನ ಈ ಪರೀಕ್ಷೆಯನ್ನು ಜೋಡಿಸಿದವರಿಂದಲೇ ನಿಮ್ಮೆದುರು ಮಾಡಿಸಿ, ಆಮೇಲೆ ಉಳಿದ ಹಣ ಕೊಡಿ. ಸ್ಪ್ರಿಂಗನ್ನು ಮಾತ್ರ ಮನೆಯವರು ಮುಟ್ಟಲೇಬಾರದು. ಅದರಲ್ಲಿ ಅಡಗಿರುವ ಬಲ ಕೈ ಮುರಿಯುವಷ್ಟಿರುತ್ತದೆ. ಸಾಮಾನ್ಯ ಸ್ಪ್ರಿಂಗು 10,000 ಸಲ ತೆರೆದು ಮುಚ್ಚುವ ಲೆಕ್ಕದ್ದು. ದಿನಕ್ಕೆ ನಾಲ್ಕು ಸಲ ಬಳಸಿದರೆ ಅದು ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ಇಬ್ಬರು ಕೆಲಸಕ್ಕೆ ಹೋಗುವ ಮನೆಯಾದರೆ ಹೆಚ್ಚು ಬಾಳಿಕೆಯ ಸ್ಪ್ರಿಂಗನ್ನೇ ಕೇಳಿ ಪಡೆಯಿರಿ.

ಮೋಟರಿನಲ್ಲಿ ಚೈನಿನದ್ದು ಬೇಡ, ಬೆಲ್ಟಿನದ್ದು ತೆಗೆದುಕೊಳ್ಳಿ. ಡಿಸಿ ಮೋಟರ್ ಇರಲಿ. ಅದು ಮೆಲ್ಲನೆ ಹೊರಟು, ಕೊನೆಯಲ್ಲಿ ಮೆಲ್ಲನೆ ನಿಲ್ಲುವುದರಿಂದ ಬಾಗಿಲು ನೆಲಕ್ಕೆ ಬಡಿಯುವ ಧಡ್ ಸದ್ದು ಇರುವುದಿಲ್ಲ. ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದು ಬಾಗಿಲಿನ ಪಕ್ಕದ ಗೋಡೆಗೆ ಕೂರಿಸಿ ದಂಡವನ್ನೇ ತಿರುಗಿಸುವ ಬಗೆಯ ಮೋಟರು, ಏಕೆಂದರೆ ಅದು ಮಾವನವರ ಮಂಚದ ಕೆಳಗಿನ ಮೋಲ್ಡಿಗೆ ನೇತುಬೀಳುವುದಿಲ್ಲ. ಚಾವಣಿಗೇ ಕೂರಿಸುವುದು ಅನಿವಾರ್ಯವಾದರೆ ಮೋಟರಿಗೂ ಬ್ರಾಕೆಟ್ಟಿಗೂ ನಡುವೆ, ಹಳಿಯನ್ನು ತೂಗುಹಾಕುವ ಪ್ರತಿ ಕಡೆಯಲ್ಲೂ ರಬ್ಬರ್ ಬುಷ್ ಹಾಕಿಸಿ. ಕೆಲವೇ ನೂರು ರೂಪಾಯಿಗಳ ಈ ರಬ್ಬರು ತುಂಡುಗಳನ್ನು ಕೆಲಸಗಾರರು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಎದುರಿಗೆ ನಿಂತು ಮಾಡಿಸಿಕೊಳ್ಳಿ.

ಸೆಕ್ಷನಲ್ ಬಾಗಿಲಿಗೆ ಜಾಗ ಬೇಕು, ಬೆಂಗಳೂರಿನ ಮನೆಗಳಲ್ಲಿ ತೊಡಕು ಬರುವುದೇ ಅಲ್ಲಿ. ಬಾಗಿಲ ಕಿಂಡಿಯ ಮೇಲೆ ಸಾಮಾನ್ಯವಾಗಿ ಒಂದು ಅಡಿಯಷ್ಟು ಎತ್ತರ, ಎರಡೂ ಪಕ್ಕ ಸುಮಾರು ನಾಲ್ಕು ಅಂಗುಲ, ಒಳಗಡೆಗೆ ಬಾಗಿಲಿನ ಎತ್ತರಕ್ಕಿಂತ ಒಂದೆರಡು ಅಡಿ ಹೆಚ್ಚು ಉದ್ದ ಬೇಕಾಗುತ್ತದೆ. ಎತ್ತರ ಕಡಿಮೆಯಿದ್ದಲ್ಲಿಗೆ ಜೋಡಿ ಹಳಿಯ ವ್ಯವಸ್ಥೆಯೂ ಇದೆ. ಅಳತೆಗೆ ಬಂದವರು ಬಾಗಿಲನ್ನಷ್ಟೇ ಅಳೆದು ಹೋಗದಂತೆ ನೋಡಿಕೊಳ್ಳಿ. ಅಡ್ಡ ಬೀಮನ್ನೂ, ಮೇಲಿನ ಬಚ್ಚಲಿನಿಂದ ಇಳಿದು ಚಾವಣಿಯ ಕೆಳಗೆ ಹಾದುಹೋಗುವ ಪಿವಿಸಿ ಪೈಪನ್ನೂ ತೋರಿಸಿ. ಫಲಕಗಳು ಬಂದಿಳಿದ ಮೇಲೆ ಪೈಪು ಅಡ್ಡ ಬರುತ್ತದೆಂದು ಗೊತ್ತಾಗಿ, ಬಚ್ಚಲನ್ನೇ ಅಗೆಯಬೇಕಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ಸಂಪಿನ ಮುಚ್ಚಳ ಕಾರು ನಿಲ್ಲುವ ಜಾಗದಲ್ಲೇ ಇದ್ದರೆ, ನೀರಿನ ಟ್ಯಾಂಕರ್ ಬಂದಾಗ ಪೈಪನ್ನು ಎಲ್ಲಿಂದ ಒಳಗೆ ತರುವುದೆಂದೂ ಈಗಲೇ ಯೋಚಿಸಿ. ಬೆಸ್ಕಾಂ ಮೀಟರ್ ಒಳಗೋಡೆಯ ಮೇಲಿದ್ದರೆ ರೀಡಿಂಗಿಗೆ ಬರುವವರಿಗೆ ಅದು ಕಾಣುವಂತಿರಬೇಕು.

ಜಾಗ ಸಾಲದಿದ್ದರೆ ಫೋಮ್ ತುಂಬಿದ ಅಲ್ಯೂಮಿನಿಯಂ ಪಟ್ಟಿಯ ರೋಲರ್ ಶಟರು ಎರಡನೆಯ ದಾರಿ. ಅದರ ಮೋಟರ್ ಸುತ್ತುವ ದಂಡದ ಒಳಗೇ ಅಡಗಿರುತ್ತದೆ, ಗೈಡ್ ಚಾನೆಲ್ಲಿನ ಒಳಬದಿಗೆ ಬ್ರಷ್ ಪಟ್ಟಿ ಅಥವಾ ನೈಲಾನ್ ಪಟ್ಟಿ ಇರುತ್ತದೆ. ಸೆಕ್ಷನಲ್ ಬಾಗಿಲಿನಷ್ಟು ಮೌನಿಯಲ್ಲ, ಆದರೆ ಕಬ್ಬಿಣದ ಶಟರಿಗೆ ಹೋಲಿಸುವಂತೆಯೇ ಇಲ್ಲ. ಪಕ್ಕಕ್ಕೆ ಮಡಚುವ ಬಾಗಿಲು ನಿಜಕ್ಕೂ ಸದ್ದು ಕಡಿಮೆಯದು. ಅದರ ರೆಕ್ಕೆ ರಸ್ತೆಗೋ ಫುಟ್‌ಪಾತಿಗೋ ಚಾಚುವಂತಿದ್ದರೆ ಮಾತ್ರ ಬೇಡ.

ಬಾಗಿಲಿನ ಕೆಳತುದಿಗೆ ದಪ್ಪ ರಬ್ಬರ್ ಸೀಲ್ ಹಾಕಿಸಿ. ನೆಲಕ್ಕೆ ತಾಗುವ ಸದ್ದೂ ನಿಲ್ಲುತ್ತದೆ, ಮಳೆಗಾಲದಲ್ಲಿ ರಸ್ತೆಯ ನೀರೂ ಒಳಗೆ ಚಿಮ್ಮುವುದಿಲ್ಲ. ಆದರೆ ಹೀಗೆ ಸಂದು ಮುಚ್ಚಿದ ಮೇಲೆ ಗಾಳಿಗೆ ಬೇರೆ ಕಿಂಡಿ ಇರಲೇಬೇಕು. ಬೆಳಗಿನ ಜಾವದ ಚಳಿಗೆಂದು ಬಾಗಿಲು ಮುಚ್ಚಿಕೊಂಡು ಎಂಜಿನ್ ಬಿಸಿ ಮಾಡುವುದು ಪ್ರಾಣಾಪಾಯ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಮೆಟ್ಟಿಲ ದಾರಿಯಲ್ಲಿ ಮಗುವಿನ ಕೋಣೆಗೂ ಏರಬಲ್ಲದು. ಬಾಗಿಲು ತೆರೆದು, ಕಾರನ್ನು ಹೊರಗೆ ತಂದ ಮೇಲೆಯೇ ಯಜಮಾನರು ಎಂಜಿನ್ ಬಿಸಿ ಮಾಡಿಕೊಳ್ಳಲಿ.

ಪ್ರಶ್ನೆ: ನಾವು ಹನುಮಂತನಗರದಲ್ಲಿ ಬಾಡಿಗೆಗೆ ಇದ್ದೇವೆ. ಮಾಲೀಕರು ಶಟರ್ ಬದಲಿಸಲು ಒಪ್ಪುವುದಿಲ್ಲ. ಇರುವುದನ್ನೇ ತುಸು ಮೆತ್ತಗೆ ಮಾಡಿಕೊಳ್ಳಬಹುದೇ? (ಒಬ್ಬ ಓದುಗರು)

ಉತ್ತರ: ಖಂಡಿತ ಮಾಡಿಕೊಳ್ಳಬಹುದು, ಖರ್ಚೂ ಹೆಚ್ಚಲ್ಲ. ಮೊದಲು ಗೈಡ್ ಚಾನೆಲ್ಲಿನೊಳಗೆ ವರ್ಷಗಳಿಂದ ಕೂತ ಧೂಳು ಮತ್ತು ಹಳೆಯ ಗ್ರೀಸಿನ ಕರಿಯ ಮುದ್ದೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಈ ಊರಿನ ಧೂಳಿಗೆ ಗ್ರೀಸು ಸೇರಿದರೆ ಅದು ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ, ಆದ್ದರಿಂದ ಚಾನೆಲ್ಲಿಗೆ ಮತ್ತೆ ಗ್ರೀಸ್ ಬಳಿಯಬೇಡಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆದರೆ ಸಾಕು. ಪಟ್ಟಿಗಳ ಕೊಂಡಿಗಳಿಗೂ ಅದನ್ನೇ ಹೊಡೆದು, ಶಟರನ್ನು ನಾಲ್ಕೈದು ಸಲ ಎತ್ತಿ ಇಳಿಸಿ. ಆಮೇಲೆ ಬ್ರಾಕೆಟ್ಟಿನ ನಟ್ಟು ಬೋಲ್ಟುಗಳನ್ನು ಬಿಗಿಸಿ. ಅರ್ಧ ಸದ್ದು ಬರುವುದೇ ಸಡಿಲ ಬೋಲ್ಟಿನಿಂದ ಎಂಬುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಚಾನೆಲ್ಲಿನಲ್ಲಿ ಸಂದು ಇದ್ದರೆ ನೈಲಾನ್ ಪಟ್ಟಿ ಕೂರಿಸಲು ಶಟರ್ ಕೆಲಸದವರನ್ನು ಕೇಳಿ. ಕೆಳಗಿನ ದಪ್ಪ ಪಟ್ಟಿಗೂ, ಮೇಲೆ ಅದು ಹೋಗಿ ಬಡಿಯುವ ಜಾಗಕ್ಕೂ ರಬ್ಬರ್ ಅಂಟಿಸಿ. ಎತ್ತಲು ಎರಡು ಕೈ ಸಾಲದಷ್ಟು ಭಾರವಾಗಿದ್ದರೆ ಒಳಗಿನ ಸ್ಪ್ರಿಂಗು ಸೋತಿದೆ ಎಂದರ್ಥ. ಅದನ್ನು ಬದಲಿಸಿಕೊಡುವಂತೆ ಮಾಲೀಕರನ್ನು ವಿನಯದಿಂದಲೇ ಕೇಳಿ.

ಪ್ರಶ್ನೆ: ಮೋಟರ್ ಬಾಗಿಲು ಹಾಕಿಸುವ ಮನಸ್ಸಿದೆ, ಆದರೆ ಕರೆಂಟ್ ಹೋದರೆ ಏನು ಗತಿ? ಮನೆಯಲ್ಲಿ ಓಡಾಡುವ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. (ಒಬ್ಬ ಓದುಗರು, ಯಲಹಂಕ)

ಉತ್ತರ: ಮೋಟರಿನ ಪ್ಲಗ್ಗನ್ನು ಮನೆಯ ಯುಪಿಎಸ್ ಲೈನಿಗೆ ಕೊಡಿಸಿ, ಅದು ಆ ಹೊರೆ ತಾಳುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಅವರಿಂದ ಖಚಿತಪಡಿಸಿಕೊಳ್ಳಿ, ಸ್ವಂತ ಬ್ಯಾಟರಿ ಇರುವ ಮೋಟರುಗಳೂ ಸಿಗುತ್ತವೆ. ಮೋಟರಿನಿಂದ ಬಾಗಿಲನ್ನು ಬಿಡಿಸುವ ಹಗ್ಗವನ್ನು ಮನೆಯ ದೊಡ್ಡವರೆಲ್ಲರೂ ಒಮ್ಮೆ ಎಳೆದು ಕಲಿತಿರಬೇಕು. ಒಳಗೆ ಹೋಗಲು ಬೇರೆ ಬಾಗಿಲಿಲ್ಲದ ಮನೆಗೆ ಹೊರಗಿನಿಂದ ಬೀಗದ ಕೈಯಲ್ಲಿ ಬಿಡಿಸುವ ಏರ್ಪಾಡೂ ಬೇಕು.

ಮಕ್ಕಳ ವಿಷಯದಲ್ಲಿ ರಾಜಿ ಬೇಡ. ನೆಲದಿಂದ ಸುಮಾರು ಆರು ಅಂಗುಲ ಎತ್ತರದಲ್ಲಿ ಎರಡೂ ಬದಿಗೆ ಕೂರಿಸುವ ಬೆಳಕಿನ ಸೆನ್ಸರ್ ಇಲ್ಲದ, ಏನಾದರೂ ತಾಗಿದರೆ ತಾನಾಗಿ ಹಿಂದೆ ಸರಿಯದ ಮೋಟರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಸದ್ದಿಲ್ಲದ ಬಾಗಿಲು ಇಳಿಯುವುದು ಆಟದಲ್ಲಿರುವ ಮಗುವಿನ ಕಿವಿಗೆ ಬೀಳುವುದಿಲ್ಲವಾದ್ದರಿಂದ ನಿಮಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ತಿಂಗಳಿಗೊಮ್ಮೆ ಬಾಗಿಲ ಕೆಳಗೆ ಒಂದು ಮರದ ತುಂಡನ್ನು ಅಡ್ಡ ಮಲಗಿಸಿ ಬಾಗಿಲನ್ನು ಇಳಿಸಿ ನೋಡಿ. ತುಂಡಿಗೆ ತಾಗಿದ ಕೂಡಲೇ ಅದು ಮೇಲಕ್ಕೆ ಹೋಗಬೇಕು. ಹೋಗದಿದ್ದರೆ ಸರಿಪಡಿಸುವವರೆಗೆ ಪ್ಲಗ್ ತೆಗೆದಿಟ್ಟು, ಬಾಗಿಲನ್ನು ಕೈಯಲ್ಲೇ ಎತ್ತಿ ಇಳಿಸಿ. ರಿಮೋಟನ್ನು ಮಕ್ಕಳ ಕೈಗೆ ಸಿಗದಷ್ಟು ಎತ್ತರದ ಮೊಳೆಗೆ ತೂಗುಹಾಕಿ.