ಇಂಗ್ಲಿಷಿನ ‘ಅವೌಡ್’ (avowed) ಅಂದರೆ ಪ್ರತಿಜ್ಞೆ (vow, ‘ವೌ’) ಮಾಡಿದವರು ಅಂತಲೇ? ಪದದ ಮೂಲ ಗೊತ್ತಿದ್ದರೆ ಅರ್ಥ ತಾನಾಗಿ ಹೊಳೆಯುತ್ತದೆಯೇ?

ಅಲ್ಲ. ‘ವೌ’ ಅಂದರೆ ಪ್ರತಿಜ್ಞೆ, ಹಾಗಾಗಿ ‘ಅವೌಡ್’ ಅದರಿಂದಲೇ ಬಂದಿರಬೇಕು ಅನ್ನುವ ನಿಮ್ಮ ಊಹೆಯೇ ನನಗೆ ಅನುವಾದಕನ ಕೆಲಸ ತಪ್ಪಿಸಿತು.

ನಾನು ಗೌರಿಬಿದನೂರಿನವನು. ಡಿಗ್ರಿ ಮುಗಿಸಿ ಅನುವಾದದ ಪರೀಕ್ಷೆಗೆ ಕೂತಾಗ ಕೊಟ್ಟಿದ್ದ ಇಂಗ್ಲಿಷ್ ಭಾಗ ನಮ್ಮ ತಾಲ್ಲೂಕಿನ ಹೊಸೂರಿನವರೇ ಆದ ಎಚ್. ನರಸಿಂಹಯ್ಯನವರ ಬಗ್ಗೆ. ಅವರನ್ನು ‘ಅವೌಡ್ ರ‍್ಯಾಷನಲಿಸ್ಟ್’ ಅಂದಿದ್ದರು. ‘ವಿಚಾರವಾದಿಯಾಗಿರಲು ಪ್ರತಿಜ್ಞೆ ಕೈಗೊಂಡಿದ್ದ’ ಅಂತ ಬರೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಅಂಕ ಹೋಗುತ್ತಿತ್ತೇನೋ. ಮುಂದೆ, ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ವಿಷಯ ಬಂತು. ಅಲ್ಲಿ ‘ಆ ಪ್ರತಿಜ್ಞೆಯಂತೆ’ ಅಂತ ಮೂಲದಲ್ಲಿ ಇಲ್ಲದ ಮಾತು ಸೇರಿಸಿದೆ. ನೋಡಿದವರು ಅದಕ್ಕೆ ಕೆಂಪು ಗೆರೆ ಎಳೆದು, ‘ಇದು ಎಲ್ಲಿದೆ ತೋರಿಸಿ’ ಅಂದರು. ತೋರಿಸಲು ಏನೂ ಇರಲಿಲ್ಲ.

ಪ್ರತಿಜ್ಞೆ ಅನ್ನುವುದು ಇನ್ನು ಮುಂದೆ ಹೀಗಿರುತ್ತೇನೆ ಅನ್ನುವ ಮಾತು. ‘ಅವೌಡ್’ ಅನ್ನುವುದು ನಾನು ಇರುವುದೇ ಹೀಗೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಅನ್ನುವವರಿಗೆ ಸಲ್ಲುವ ಪದ. ನರಸಿಂಹಯ್ಯನವರು ವ್ರತ ಹಿಡಿದು ವಿಚಾರವಾದಿಯಾದವರಲ್ಲ. ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದು ಪವಾಡ ಪರೀಕ್ಷೆಗೆ ಒಡ್ಡಿಕೊಳ್ಳಿ ಅಂದವರು. ಅಂಥವರ ನಿಲುವನ್ನು ನಾನು ಹರಕೆಯ ಮಟ್ಟಕ್ಕೆ ಇಳಿಸಿಬಿಟ್ಟೆ ಅನ್ನುವುದು ಕೆಲಸ ಹೋದದ್ದಕ್ಕಿಂತ ಹೆಚ್ಚು ಕಾಡಿತು.

‘ಅವೌಡ್’ ಪದದ ಮೂಲ ಹೀಗಿದೆ: ಲ್ಯಾಟಿನ್ನಿನ ‘ಅದ್ವೊಕಾರೆ’, ಅಂದರೆ ನೆರವಿಗೆ ಕರೆ, ಹಳೆಯ ಫ್ರೆಂಚಿನಲ್ಲಿ ‘ಅವುಎ’ ಆಗಿ, ಒಪ್ಪಿಕೊಳ್ಳು ಅನ್ನುವ ಅರ್ಥದೊಂದಿಗೆ ಇಂಗ್ಲಿಷಿಗೆ ಬಂತು. ನಮ್ಮ ಕೋರ್ಟಿನ ‘ಅಡ್ವೊಕೇಟ್’ ಅದೇ ಬೇರಿನದು. ‘ವೌ’ ಬೇರೆ ಬಳ್ಳಿ. ‘ವೋಟುಮ್’ ಅನ್ನುವುದರಿಂದ ಬಂದದ್ದು, ‘ವೋಟ್’ ಅದರ ನೆಂಟ.

ಆದರೆ ಮೂಲ ಹಿಡಿದು ಅರ್ಥಕ್ಕೆ ಹೋಗುತ್ತೇನೆ ಅನ್ನುವ ದಾರಿಯನ್ನೇ ನಾನು ಒಪ್ಪುವುದಿಲ್ಲ. ನೆರವಿಗೆ ಕರೆ ಅನ್ನುವುದರಿಂದ ‘ಅವೌಡ್ ಎನಿಮಿ’ ನಿಮಗೆ ಹೊಳೆಯುತ್ತದೆಯೇ? ಅದನ್ನು ‘ಬಹಿರಂಗ ವೈರಿ’ ಅಂತ ಜೋಡಿಯಾಗಿಯೇ ಕಲಿಯಿರಿ. ‘ಅವೌಡ್ ಏಮ್’ ಅಂದರೆ ‘ಘೋಷಿತ ಗುರಿ’. ಇದರಲ್ಲಿ ಮಾತ್ರ ಒಂದು ಎಚ್ಚರ ಬೇಕು: ಹೇಳಿಕೊಂಡ ಗುರಿ ಒಂದು, ಒಳಗಿನ ಉದ್ದೇಶ ಇನ್ನೊಂದು ಇರಬಹುದು ಅನ್ನುವ ಕಡೆಯೂ ಇದನ್ನು ಬಳಸುತ್ತಾರೆ, ಹಾಗಾಗಿ ಹಿಂದು ಮುಂದಿನ ವಾಕ್ಯ ಓದದೆ ಉತ್ತರ ಬರೆಯಬೇಡಿ.