ಪುಕ್ಕಟೆ ಆಟಕ್ಕೆ ತೆರುವ ಬೆಲೆ

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ, ವಯಸ್ಸು 62. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ‘ಟ್ರೇವಿಯನ್’ ಎಂಬ ಆನ್‌ಲೈನ್ ಆಟ ಆಡುತ್ತಾನೆ. ಹಳ್ಳಿ ಕಟ್ಟುವುದು, ದಂಡು ಕಟ್ಟುವುದು. ‘ಪುಕ್ಕಟೆ ಚಿಕ್ಕಪ್ಪ, ನೀವೂ ಬನ್ನಿ’ ಎಂದು ದುಂಬಾಲು ಬಿದ್ದಿದ್ದಾನೆ. ಪುಕ್ಕಟೆ ಆಡಿಸಿದರೆ ಕಂಪನಿಯ ಹೊಟ್ಟೆ ತುಂಬುವುದು ಹೇಗೆ? ಇದು ಜೂಜಲ್ಲವೇ? ನನಗೆ ಆದೀತೇ?
– ಹೆಸರು ಬೇಡವೆಂದವರು, ಸಾಗರ

ಉತ್ತರ: ಮೇಷ್ಟ್ರೇ, ಖಂಡಿತ ಆದೀತು. ಮೂರು ತಿಂಗಳು ನಾನೂ ಆಡಿದ್ದೇನೆ, ಆ ಅನುಭವದಿಂದಲೇ ಹೇಳುತ್ತೇನೆ.

ಇದು ಜರ್ಮನಿಯ ಮ್ಯೂನಿಕ್‌ನವರು 2004ರಲ್ಲಿ ಶುರುಮಾಡಿದ ಆಟ. ಬ್ರೌಸರ್‌ನಲ್ಲೇ ಆಡಬಹುದು. ಮೊದಲ ದಿನ ನಿಮ್ಮ ಕೈಗೆ ಒಂದು ಪುಟ್ಟ ಹಳ್ಳಿ ಬರುತ್ತದೆ. ಸುತ್ತ 18 ಜಾಗ: ಸಾಮಾನ್ಯವಾಗಿ ಮರಕ್ಕೆ 4, ಜೇಡಿಮಣ್ಣಿಗೆ 4, ಕಬ್ಬಿಣಕ್ಕೆ 4, ಬೆಳೆಗೆ 6. ಬೆಳೆಗೆ ಮಾತ್ರ ಏಕೆ ಹೆಚ್ಚು ಎಂಬುದು ದಂಡು ಕಟ್ಟಿದ ಮೇಲೆ ತಿಳಿಯುತ್ತದೆ. ಒಬ್ಬೊಬ್ಬ ಸೈನಿಕನೂ ಗಂಟೆಗಂಟೆಗೂ ಉಣ್ಣುತ್ತಾನೆ. ಕಣಜ ಬರಿದಾದರೆ ದಂಡು ಹಸಿವಿನಿಂದ ಸಾಯುತ್ತದೆ. ಒಕ್ಕಲುತನದ ಮನೆಯಲ್ಲಿ ಬೆಳೆದ ನನಗೆ ಈ ಒಂದು ನಿಯಮಕ್ಕೇ ಆಟದ ಮೇಲೆ ಪ್ರೀತಿ ಹುಟ್ಟಿತು. ಕಳ್ಳಕಾಕರಿಂದ ಸಾಮಾನು ಬಚ್ಚಿಡಲು ಕ್ರ್ಯಾನಿ ಎಂಬ ನೆಲಮಾಳಿಗೆಯೂ ಇದೆ. ನಮ್ಮ ದಾವಣಗೆರೆ ಕಡೆಯ ಹಗೇವು ಅಂದುಕೊಳ್ಳಿ.

ನಿಮಗೆ ಹಿಡಿಸುವುದು ನಕ್ಷೆ. ಪ್ರತಿ ಹಳ್ಳಿಗೂ x, y ನಿರ್ದೇಶಾಂಕಗಳಿವೆ, ದೂರ ಅಳೆಯುವುದು ಪೈಥಾಗರಸ್ ಲೆಕ್ಕದಲ್ಲೇ. 3 ಚೌಕ ಮೂಡಣಕ್ಕೆ, 4 ಚೌಕ ಬಡಗಣಕ್ಕೆ ಇರುವ ಹಳ್ಳಿ 5 ಚೌಕ ದೂರ. ಆಟ ಬೇರೆ ಬೇರೆ ವೇಗದ ‘ಲೋಕ’ಗಳಲ್ಲಿ ನಡೆಯುತ್ತದೆ; ಮಾಮೂಲು ವೇಗದ ಲೋಕದಲ್ಲಿ ರೋಮನ್ ಬುಡಕಟ್ಟಿನ ‘ಲೀಜನೇರ್’ ಕಾಲಾಳು ಗಂಟೆಗೆ 6 ಚೌಕ ನಡೆಯುತ್ತಾನೆ, ಅಂದರೆ 50 ನಿಮಿಷ. ಎಂಟನೇ ತರಗತಿಯ ಮಕ್ಕಳು ‘ಇದನ್ನು ಕಲಿತು ಏನು ಪ್ರಯೋಜನ’ ಎಂದು ಕೇಳಿದ್ದಾಗ ಇಂಥದೊಂದು ನಕ್ಷೆ ನಿಮ್ಮ ಕೈಲಿರಬೇಕಿತ್ತು.

ಈಗ ಬೆಲೆಯ ಮಾತು. ಆಟದೊಳಗೆ ‘ಚಿನ್ನ’ ಅಂತ ಒಂದಿದೆ. ಕಂಪನಿ ಬದುಕುವುದು ಅದನ್ನು ನಿಜವಾದ ದುಡ್ಡಿಗೆ ಮಾರಿ. ಚಿನ್ನ ಕೊಟ್ಟರೆ ಉತ್ಪತ್ತಿ ಶೇ. 25 ಹೆಚ್ಚುತ್ತದೆ, ಗಂಟೆಗಟ್ಟಲೆ ಹಿಡಿಯುವ ಕಟ್ಟಡ ಕೂಡಲೇ ಮುಗಿಯುತ್ತದೆ, ಮಣ್ಣು ಹೆಚ್ಚಿದ್ದು ಕಬ್ಬಿಣ ಸಾಲದಿದ್ದರೆ ಅದಲು ಬದಲು ಮಾಡಿಕೊಳ್ಳಬಹುದು. ಕೊಳ್ಳದೆಯೂ ಆಡಬಹುದು. ನಾನು ಒಂದು ರೂಪಾಯಿಯನ್ನೂ ಹಾಕಲಿಲ್ಲ. ಆದರೆ ಕೊಂಡವರು ಮುಂದೆ ಹೋಗುತ್ತಾರೆ, ಅದನ್ನು ಒಪ್ಪಿಕೊಂಡೇ ಕೂರಬೇಕು. ಜೂಜಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆಸೆಯ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರಲ್ಲಿ ಬಂತು. ಇಲ್ಲಿ ಪಣವೇ ಇಲ್ಲ, ಚಿನ್ನಕ್ಕೆ ಹಾಕಿದ ದುಡ್ಡು ಸಿನಿಮಾ ಟಿಕೆಟ್ಟಿಗೆ ಹಾಕಿದಂತೆ.

ದುಡ್ಡಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ನಿದ್ದೆ. ನೀವು ಮಲಗಿದರೂ ಆಟ ಮಲಗುವುದಿಲ್ಲ. ಎರಡನೇ ತಿಂಗಳು ಒಂದು ರಾತ್ರಿ, ಮಲಗುವ ಮುಂಚೆ ನೋಡಿದರೆ ಇನ್ನೊಬ್ಬ ಆಟಗಾರನ ಟ್ಯೂಟನ್ ಬುಡಕಟ್ಟಿನ ಪಡೆಯೊಂದು ನನ್ನ ಹಳ್ಳಿಯತ್ತ ಹೊರಟಿದೆ. ಬಂದು ಮುಟ್ಟುವುದು 3.20ಕ್ಕೆ. ಎಷ್ಟು ಜನ ಬರುತ್ತಿದ್ದಾರೆಂದು ತಿಳಿಯದು, ಹೊತ್ತು ಮಾತ್ರ ಸೆಕೆಂಡಿನವರೆಗೂ ತಿಳಿಯುತ್ತದೆ. 3 ಗಂಟೆಗೆ ಅಲಾರಾಂ ಇಟ್ಟು ಎದ್ದೆ. ಇದ್ದ ಮರ, ಕಬ್ಬಿಣವನ್ನೆಲ್ಲ ಕಟ್ಟಡಕ್ಕೆ ಸುರಿದು, ನನ್ನ ದಂಡನ್ನು ಪಕ್ಕದ ಮಿತ್ರನ ಹಳ್ಳಿಗೆ ಕಳಿಸಿದೆ. ಶತ್ರು ಬಂದು ಬರಿಗೈಲಿ ಹೋದ. ಗೆದ್ದ ಖುಷಿ ಇತ್ತು, ನಿಜ. ‘ಯಾರಿಗಾದ್ರೂ ಹುಷಾರಿಲ್ವಾ?’ ಎಂದು ನಮ್ಮ ಮನೆಯವರು ಗಾಬರಿಯಲ್ಲಿ ಎದ್ದು ಕೂತರು. ಅವರ ಮುಖ ನೋಡಿ ಆ ಖುಷಿ ಇಳಿಯಿತು. ಮಧುಮೇಹ, ರಕ್ತದೊತ್ತಡ ಇರುವ ವಯಸ್ಸಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇದಕ್ಕೊಂದು ದಾರಿ ಆಟದಲ್ಲೇ ಇದೆ. ‘ಸಿಟ್ಟರ್’ ಎಂದು ಇಬ್ಬರನ್ನು ನೇಮಿಸಿಕೊಳ್ಳಬಹುದು. ನೀವಿಲ್ಲದಾಗ ಅವರು ನಿಮ್ಮ ಹಳ್ಳಿ ನೋಡಿಕೊಳ್ಳುತ್ತಾರೆ, ಪಾಸ್‌ವರ್ಡ್ ಕೊಡಬೇಕಿಲ್ಲ. ನಾನು ಆ ರಾತ್ರಿಯ ಮರುದಿನವೇ ನೇಮಿಸಿದೆ. ನೀವು ಮೊದಲ ದಿನವೇ ಅಣ್ಣನ ಮಗನನ್ನು ನೇಮಿಸಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೊಬೈಲ್ ಹಾಲ್‌ನಲ್ಲಿರಲಿ.

ಮೂರು ಪಟ್ಟು ವೇಗದ ಲೋಕಗಳೂ ಇವೆ, ನಿಮಗೆ ಬೇಡ. ಮಾಮೂಲು ವೇಗದ್ದನ್ನೇ ಆರಿಸಿ. ಅಲ್ಲಿ ಆಟಗಾರರ ಯಾವುದಾದರೂ ಕೂಟ ‘ಲೋಕಾದ್ಭುತ’ ಎಂಬ ಕಟ್ಟಡವನ್ನು 100ನೇ ಮಟ್ಟಕ್ಕೆ ಏರಿಸುವವರೆಗೆ ತಿಂಗಳುಗಟ್ಟಲೆ ಆಟ ನಡೆಯುತ್ತದೆ. ಬುಡಕಟ್ಟು ಕೇಳಿದಾಗ ಗಾಲ್ ಎನ್ನಿ. ಅವರ ಹಗೇವು ದೊಡ್ಡದು, ಹಳ್ಳಿಯ ಸುತ್ತ ಬೋನು ಇಡುವ ವಿದ್ಯೆಯೂ ಅವರಿಗಿದೆ. ಮೊದಲ ಕೆಲವು ದಿನ ಹೊಸಬರ ಮೇಲೆ ಯಾರೂ ದಾಳಿ ಮಾಡುವಂತಿಲ್ಲ, ಆಗ ಹೊಲಗದ್ದೆ ಬೆಳೆಸಿಕೊಳ್ಳಿ. ನಕ್ಷೆಯ ಯಾವ ದಿಕ್ಕು ಎಂದೂ ಕೇಳುತ್ತದೆ. ಉತ್ತರಿಸುವ ಮೊದಲು ಬೆಂಗಳೂರಿಗೆ ಒಂದು ಫೋನ್ ಮಾಡಿ, ಹುಡುಗನ ಹಳ್ಳಿ ಯಾವ ದಿಕ್ಕಿಗಿದೆಯೋ ಅದನ್ನೇ ಒತ್ತಿ.