ಅಟ್ಟದ ಮೇಲಿನ ಗಂಟು ಇಳಿಸಿ

ಓದುಗರ ಪತ್ರ:

ಮಾನ್ಯ ಸಂಪಾದಕರೇ, ನಾನು ಗದಗ ಜಿಲ್ಲೆಯವಳು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸ. ಹೋದ ವರ್ಷ ಅಮ್ಮ ತೀರಿಕೊಂಡರು. ಅವರ ಟ್ರಂಕಿನಲ್ಲಿದ್ದ ಹಳೆ ಸೀರೆಗಳನ್ನು ತಂದಿಟ್ಟುಕೊಂಡಿದ್ದೇನೆ. ಜನವರಿಯಲ್ಲಿ ನನ್ನ ತಂಗಿಗೆ ಹೆರಿಗೆ. ಆ ಸೀರೆಗಳಲ್ಲಿ ಕೂಸಿಗೊಂದು ಕೌದಿ ಹೊಲಿಯಬೇಕು ಅಂತ ಆಸೆ. ಆದರೆ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ಬರುತ್ತೇನೆ. ಇಬ್ಬರು ಮಕ್ಕಳು. ‘ಹೊಲಿಯೋರಿಗೆ ಕೊಟ್ಟು ಮಾಡಿಸು, ಇಲ್ಲಾಂದ್ರೆ ಆನ್‌ಲೈನಿನಲ್ಲಿ ತರಿಸು’ ಅಂತಾರೆ ನನ್ನ ಯಜಮಾನರು. ಬಿಡುವು ಸಿಕ್ಕಾಗ ನಾನೇ ಹೊಲಿಯೋಣ ಅಂತ ಸೀರೆಗಳನ್ನು ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ನನ್ನ ಆಸೆ ಅತಿಯಾಯಿತೇ?
– ಹೆಸರು ಬೇಡ ಎಂದಿರುವ ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ಸೋದರಿ, ಆ ಗಂಟನ್ನು ಇವತ್ತೇ ಅಟ್ಟದಿಂದ ಇಳಿಸಿ. ಈ ಉತ್ತರವನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮ್ಮ ಯಜಮಾನರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಕೌದಿ ಹೊಲಿದೇ ಸಂಸಾರ ನಡೆಸುವ ಹೆಣ್ಣುಮಕ್ಕಳು ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಇದ್ದಾರೆ. ಅವರಿಗೆ ಕೆಲಸ ಕೊಟ್ಟರೆ ಒಳ್ಳೆಯದೇ. ಹಾಸಿಗೆಗೆ ಬೇಕಾದ ದೊಡ್ಡ ಕೌದಿಯನ್ನು ಅವರಿಂದಲೇ ಹೊಲಿಸಿ, ಕೇಳಿದಷ್ಟು ಕೊಡಿ. ಆದರೆ ಈ ಒಂದು ಕೌದಿ, ಅಮ್ಮನ ಸೀರೆಯದ್ದು, ಅಮ್ಮ ನೋಡದೇ ಹೋದ ಮೊಮ್ಮಗುವಿನದ್ದು, ನಿಮ್ಮ ಕೈಯಲ್ಲೇ ಆಗಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ನಿಮ್ಮ ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ಮಾತು ಒಂದೇ. ‘ಬಿಡುವು ಸಿಕ್ಕಾಗ’ ಅಂದಿದ್ದೀರಿ. ಬಿಡುವು ಇದ್ದವರು ಕೌದಿ ಹೊಲಿದದ್ದನ್ನು ನಾನಂತೂ ಕಂಡಿಲ್ಲ.

ನನ್ನ ಸೋದರತ್ತೆ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಬೆಳಕು ಹರಿಯುವ ಮೊದಲೇ ಒಲೆ ಹೊತ್ತಬೇಕು. ಎರಡು ಹೊತ್ತೂ ರೊಟ್ಟಿ ಬಡಿಯಬೇಕು. ಮಧ್ಯಾಹ್ನದ ಊಟದ ಗದ್ದಲ ಮುಗಿದು, ರಾತ್ರಿಯ ಹಿಟ್ಟು ನಾದುವ ಮುಂಚೆ, ಅರ್ಧ ತಾಸು ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂರುತ್ತಿದ್ದರು. ತೊಡೆಯ ಮೇಲೆ ಕೌದಿ. ಬಲಗೈ ಸೂಜಿ ಚುಚ್ಚುತ್ತಿತ್ತು, ಎಡಗೈ ಕೆಳಗಿನಿಂದ ಬಟ್ಟೆಯನ್ನು ಮೇಲಕ್ಕೆ ಒತ್ತಿ ಕೊಡುತ್ತಿತ್ತು. ಮೂರು ನಾಲ್ಕು ಟಾಕಿ ಸೂಜಿಯ ಮೇಲೇ ಸೇರಿದ ಮೇಲೆ ಒಮ್ಮೆಗೇ ದಾರ ಎಳೆಯುತ್ತಿದ್ದರು. ಹಾಲಿನವನು ಕೂಗಿದರೆ ಸೂಜಿಯನ್ನು ಅಲ್ಲೇ ಚುಚ್ಚಿ, ಸುತ್ತಿಟ್ಟು ಎದ್ದುಬಿಡುತ್ತಿದ್ದರು. ‘ಈ ಸಾಲು ಮುಗಿಸ್ತೇನಿ, ತಡಿ’ ಅಂದದ್ದೇ ಇಲ್ಲ. ಮಾರನೇ ದಿನ ಸೂಜಿ ಎಲ್ಲಿತ್ತೋ ಅಲ್ಲಿಂದಲೇ ಶುರು.

ಕೌದಿಯ ಗುಟ್ಟು ಇರುವುದೇ ಇಲ್ಲಿ. ಪುರುಸೊತ್ತಿಲ್ಲದ ಹೆಂಗಸರು ತಮಗಾಗಿ ರೂಢಿಸಿಕೊಂಡ ಕೆಲಸ ಇದು. ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಲೆಕ್ಕ ತಪ್ಪುವ ಭಯವಿಲ್ಲ. ಕಸೂತಿ ಹಾಗಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂಥೆ, ಯಾವ ಹೊಲಿಗೆಯಾದರೂ ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರವೇ ವಾಲುತ್ತದೆ. ಎರಡು ಮಕ್ಕಳ ತಾಯಿಗೆ ಶುರುವಿಗೇ ಕಸೂತಿ ಬೇಡ. ನಿಮ್ಮ ಮನಸ್ಸು ಕೌದಿಯ ಕಡೆಗೇ ಹೋಯಿತಲ್ಲ, ಅದು ಸುಮ್ನೆ ಬಂದ ಯೋಚನೆ ಅಲ್ಲ. ನಿಮ್ಮ ತಾಯಿಯ ಊರಿನ ಬುದ್ಧಿ ಅದು.

ಈಗ ಲೆಕ್ಕ ಹಾಕೋಣ. ಕೂಸಿನ ಕೌದಿ 3 ಅಡಿ ಉದ್ದ, ಎರಡೂವರೆ ಅಡಿ ಅಗಲ ಇದ್ದರೆ ಸಾಕು. ಬೆರಳಗಲಕ್ಕೆ ಒಂದು ಸಾಲು ಅಂದರೆ ಸುಮಾರು 50 ಸಾಲು. ಹೊಸ ಕೈಗೆ ಅರ್ಧ ಗಂಟೆಯಲ್ಲಿ ಎರಡು ಸಾಲು ಆಗುತ್ತದೆ. ಅಲ್ಲಿಗೆ 25 ರಾತ್ರಿ. ಮಕ್ಕಳು ಮಲಗಿದ ಮೇಲೆ ಫೋನ್ ಹಿಡಿದು ಕೂರುವ ಹೊತ್ತು ಇದೆಯಲ್ಲ, ಅದರಲ್ಲೇ ಮುಗಿಯುವ ಕೆಲಸ. ಜನವರಿಗೆ ಇನ್ನೂ ಮೂರು ತಿಂಗಳಿದೆ. ನಡುವೆ ಜ್ವರ ಬರಲಿ, ಪ್ರಾಜೆಕ್ಟ್ ಡೆಡ್‌ಲೈನ್ ಬರಲಿ, ಆದರೂ ಆಗುತ್ತದೆ.

ಕೆಲಸದ ಒತ್ತಡದ ಮಾತು ಬಂದಾಗ ನನಗೆ ಕಾರ ಹುಣ್ಣಿಮೆ ನೆನಪಾಗುತ್ತದೆ. ಮುಂಗಾರಿನ ಗಡಿಬಿಡಿ ಇರುವುದೇ ಆಗ. ಮಳೆ ಬಿದ್ದಿದೆ, ಬೀಜ ಗೊಬ್ಬರ ಹೊಂದಿಸಬೇಕು, ಹದ ತಪ್ಪಿದರೆ ವರ್ಷದ ಗಂಜಿಗೇ ಕುತ್ತು. ಅಂಥ ಹೊತ್ತಿನಲ್ಲೇ ನಮ್ಮ ಕಡೆಯ ರೈತರು ಕೂತು ಎತ್ತಿಗೆ ಹೊಸ ಹಗ್ಗ ಹೊಸೆಯುತ್ತಿದ್ದರು, ಹಣೆಗೆ ಗೊಂಡೆ ಕಟ್ಟುತ್ತಿದ್ದರು, ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಇವೆರಡೂ ಕೈಯಲ್ಲಿ ಮಣ್ಣು ಕಲಸಿ ಮಾಡುವ ಹಬ್ಬಗಳೇ. ವರ್ಷದಲ್ಲಿ ಮೈಮುರಿಯುವ ಕೆಲಸ ಇರುವಾಗಲೇ ಈ ಹಬ್ಬಗಳು ಬರುತ್ತವೆ. ಕೆಲಸ ಮುಗಿಸಿ ಕೈಗೆಲಸ ಮಾಡೋಣ ಅಂತ ಅವರು ಕಾದಿದ್ದರೆ ಒಂದು ಎತ್ತಿಗೂ ಗೊಂಡೆ ಇರುತ್ತಿರಲಿಲ್ಲ.

ದೊಡ್ಡವರ ಉದಾಹರಣೆ ಬೇಕೇ? 1942ರ ಮಾರ್ಚ್‌ನಲ್ಲಿ ಇಂದಿರಾ ಅವರ ಮದುವೆಯಾದಾಗ ಅವರು ಉಟ್ಟಿದ್ದು ತಿಳಿ ಗುಲಾಬಿ ಬಣ್ಣದ ಖಾದಿ ಸೀರೆ. ತಂದೆ ನೆಹರೂ ಜೈಲಿನಲ್ಲಿ ಕೂತು ನೂತ ನೂಲಿನಿಂದ ನೇಯಿಸಿದ್ದು. ಮುಂದೆ ಸೊಸೆ ಸೋನಿಯಾ ತಮ್ಮ ಮದುವೆಗೆ ಅದೇ ಸೀರೆ ಉಟ್ಟರು, ಮೊಮ್ಮಗಳು ಪ್ರಿಯಾಂಕಾ ಕೂಡ ಉಟ್ಟರು. ಆ ಮನೆಗೆ ರೇಷ್ಮೆ, ಜರಿ ಕೊಳ್ಳುವುದು ಕಷ್ಟವಿತ್ತೇ? ರಾಜಕೀಯ ಒಪ್ಪುವುದು ಬಿಡುವುದು ಬೇರೆ. ಒಬ್ಬ ಅಪ್ಪ ಮಗಳಿಗಾಗಿ ಎಳೆದ ನೂಲು ಮೂರು ತಲೆಮಾರಿಗೆ ಬಂತು.

ಜೈಲಿನಲ್ಲಿ ಹೊತ್ತಿತ್ತು ಬಿಡಿ ಅನ್ನುತ್ತೀರಾ? ಸರಿ, ಗಾಂಧೀಜಿಯನ್ನು ತೆಗೆದುಕೊಳ್ಳಿ. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದಾಗ ಸಭೆ, ಭೇಟಿ, ಪತ್ರ ಅಂತ ಉಸಿರಾಡಲೂ ಪುರುಸೊತ್ತಿರಲಿಲ್ಲ. ಅಲ್ಲೂ ಚರಕ ಬಿಡಲಿಲ್ಲ. 1947ರ ನವೆಂಬರ್‌ನಲ್ಲಿ, ದೇಶ ಹೊತ್ತಿ ಉರಿಯುತ್ತಿದ್ದಾಗ, ಎಲಿಜಬೆತ್ ರಾಜಕುಮಾರಿಯ ಮದುವೆಗೆ ಅವರಿಂದ ಹೋದ ಉಡುಗೊರೆಯೂ ತಾವೇ ನೂತ ನೂಲಿನಲ್ಲಿ ಹೆಣೆಸಿದ ಒಂದು ಲೇಸ್ ಬಟ್ಟೆ. ಅದರಲ್ಲಿ ‘ಜೈ ಹಿಂದ್’ ಎಂದು ಹೆಣೆದಿತ್ತು. ಮದುವೆಗೆ ಬಂದ ವಜ್ರ ವೈಡೂರ್ಯಗಳ ನಡುವೆ ಆ ಬಟ್ಟೆಯನ್ನು ಜನ ಇವತ್ತಿಗೂ ನೆನೆಯುತ್ತಾರೆ.

ಹಾಗಾದರೆ ಈಗ ನಮಗೇನಾಗಿದೆ? ನಿಮ್ಮಂಥವರನ್ನು ನಾನು ದೂರುವುದಿಲ್ಲ. ದಿನದ ಹನ್ನೆರಡು ತಾಸು ಆಫೀಸು ಮತ್ತು ಟ್ರಾಫಿಕ್ಕು ನುಂಗಿದರೆ ಮನುಷ್ಯ ಏನು ಮಾಡಬೇಕು? ನನ್ನ ಸಿಟ್ಟು ಬೇರೆ ಕಡೆಗಿದೆ. ಕೈಗೆಲಸವನ್ನು ನಾವು ದಿನದ ಬದುಕಿನಿಂದ ಕಿತ್ತು, ರಜೆಯ ಹವ್ಯಾಸದ ಪಟ್ಟಿಗೆ ಸೇರಿಸಿಬಿಟ್ಟೆವು. ಮೊದಲು ಇದು ಆದದ್ದು ಶಾಲೆಯಲ್ಲಿ. ಕೈಕಸುಬನ್ನು ನಡುವೆ ಇಟ್ಟು ಪಾಠ ಕಲಿಸಬೇಕು ಅಂತ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದ್ದರು. ನಾವು ಓದುವಾಗ ಅದರ ಚೂರಾದರೂ ಉಳಿದಿತ್ತು. ಕ್ರಾಫ್ಟ್ ಮೇಷ್ಟ್ರು ಇದ್ದರು, ಹೊಲಿಗೆ ಟೀಚರ್ ಇದ್ದರು. ನೂಲು ತೆಗೆಯುವ ತಕಲಿ ತಿರುಗಿಸಲು ಬಾರದವನಿಗೆ ಕಿವಿ ಹಿಂಡುತ್ತಿದ್ದರು. ಆ ಪಿರಿಯಡ್ಡನ್ನು ಮೊದಲು ಗಣಿತಕ್ಕೆ ಕೊಟ್ಟರು, ಆಮೇಲೆ ಕಂಪ್ಯೂಟರಿಗೆ ಕೊಟ್ಟರು.

ಈಗ ನಮ್ಮ ಬೀದಿಯ ಸ್ಟೇಷನರಿ ಅಂಗಡಿಯಲ್ಲಿ ಶಾಲೆಯ ‘ಪ್ರಾಜೆಕ್ಟ್’ ರೆಡಿಮೇಡ್ ಸಿಗುತ್ತದೆ. ಥರ್ಮೋಕೋಲಿನ ಹಳ್ಳಿ ಮನೆ, ಬಾವಿ, ಮರ, ಎಲ್ಲವೂ ಅಂಟಿಸಿಯೇ ಇರುತ್ತದೆ. ಪಕ್ಕದ ಮನೆಯ ಹುಡುಗಿ ತಾನೇ ಜೇಡಿಮಣ್ಣಲ್ಲಿ ಒಂದು ಎತ್ತು ಮಾಡಿಕೊಂಡು ಹೋಗಿದ್ದಳು. ಒಂದು ಕೊಂಬು ದಪ್ಪ, ಒಂದು ಸಣ್ಣ. ‘ನೀಟಾಗಿಲ್ಲ’ ಅಂತ ಅಂಕ ಕಡಿಮೆ ಮಾಡಿದರಂತೆ. ಅಂಗಡಿಯಲ್ಲಿ ಕೊಂಡವರಿಗೆ ಪೂರ್ತಿ ಅಂಕ. ಆ ಹುಡುಗಿ ಅತ್ತಿದ್ದನ್ನು ನಾನು ಮರೆತಿಲ್ಲ. ಆ ಎತ್ತು ಈಗ ನನ್ನ ಮೇಜಿನ ಮೇಲಿದೆ, ಕೇಳಿ ಇಸಿದುಕೊಂಡೆ.

ಇನ್ನು ಹುಟ್ಟುಹಬ್ಬದ ರಿಟರ್ನ್ ಗಿಫ್ಟ್ ನೋಡಿ. ಮೂವತ್ತು ಮಕ್ಕಳಿಗೆ ಮೂವತ್ತು ಪ್ಲಾಸ್ಟಿಕ್ ಡಬ್ಬಿ. ಮನೆ ತಲುಪುವುದರೊಳಗೆ ಮುಚ್ಚಳ ಒಡೆದಿರುತ್ತದೆ. ಯಾರು ಕೊಟ್ಟರು ಅಂತ ಕೇಳಿದರೆ ಮಗುವಿಗೂ ಗೊತ್ತಿರುವುದಿಲ್ಲ. ಹಿಂದೆ ತವರಿನಿಂದ ಕೂಸಿಗೆ ಖಣದ ಕುಲಾವಿ, ಕುಂಚಿಗೆ ಬರುತ್ತಿದ್ದವು. ಅಜ್ಜಿ ಹೊಲಿದದ್ದೋ ಸೋದರತ್ತೆ ಹೊಲಿದದ್ದೋ ಅಂತ ಹೊಲಿಗೆ ನೋಡಿಯೇ ಹೇಳುತ್ತಿದ್ದರು.

ಕೈಗೆಲಸದವರ ಪಾಡು ಇನ್ನೂ ಬೇಜಾರಿನದ್ದು. ಧಾರವಾಡದಲ್ಲಿ ಕಸೂತಿ ಹಾಕುವ ಒಬ್ಬ ಹಿರಿಯ ಹೆಣ್ಣುಮಗಳ ಮನೆಯಲ್ಲಿ ಕೂತಿದ್ದೆ. ಕಾರಿನಲ್ಲಿ ಬಂದ ಗಿರಾಕಿಯೊಬ್ಬರು ‘ಮಷೀನ್ ಕಸೂತಿ ಇದರ ಕಾಲು ಭಾಗಕ್ಕೆ ಸಿಗತದಲ್ರೀ’ ಅಂದರು. ಆಕೆ ಮಾತಾಡಲಿಲ್ಲ. ಸೀರೆಯ ಸೆರಗನ್ನು ತಿರುವಿ ಹಾಕಿ ಮುಂದಿಟ್ಟರು. ಗವಂತಿ ಹೊಲಿಗೆ ಮೇಲೂ ಕೆಳಗೂ ಒಂದೇ ಥರ. ಒಂದು ಗಂಟಿಲ್ಲ. ಅದೇ ಮಷೀನಿನದನ್ನು ತಿರುವಿದರೆ ಹಿಂಬದಿಯಲ್ಲಿ ಬರೀ ದಾರದ ಸಿಕ್ಕು. ಗಿರಾಕಿ ನೋಡಿದರು, ಆದರೂ ಚೌಕಾಸಿ ಬಿಡಲಿಲ್ಲ. ತಾನೇ ಒಂದು ಇಂಚು ಹೊಲಿದು ನೋಡಿದ್ದರೆ ಬಾಯಿಂದ ಆ ಮಾತು ಬರುತ್ತಿತ್ತಾ? ಅದಕ್ಕೇ ಎಲ್ಲರೂ ಒಂದಿಷ್ಟಾದರೂ ಕೈಯಲ್ಲಿ ಮಾಡಬೇಕು ಅಂತ ನಾನು ಪದೇಪದೇ ಬರೆಯುವುದು. ಮಾಡಿದವರಿಗೇ ಬೆಲೆ ಗೊತ್ತಾಗುತ್ತದೆ.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಇದನ್ನೇ ದೇಶಕ್ಕೆಲ್ಲ ಹೇಳಿಕೊಂಡು ಓಡಾಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆ ಅವರೇ. ಆ ಮಂಡಳಿಯನ್ನು 2020ರ ಆಗಸ್ಟ್‌ನಲ್ಲಿ ಸರ್ಕಾರ ರದ್ದು ಮಾಡಿತು. ಕನ್ನಡ ನೆಲದ ಮಗಳು ಕಟ್ಟಿ ಬೆಳೆಸಿದ ಮಂಡಳಿ ಹೋಯಿತು ಅಂತ ನಮ್ಮಲ್ಲಿ ಎಷ್ಟು ಜನ ಮಾತಾಡಿಕೊಂಡೆವು? ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ 2023ರಲ್ಲಿ ಹಂಪಿಯ ಜಿ–20 ಸಭೆಯ ಹೊತ್ತಿಗೆ ಗಿನ್ನೆಸ್ ದಾಖಲೆ ಸೇರಿತು. 1,755 ಬಟ್ಟೆಗಳ ಪ್ರದರ್ಶನ. ಫೋಟೋ ನೋಡಿ ಎಲ್ಲರೂ ಹೆಮ್ಮೆಪಟ್ಟೆವು. ಹೆಮ್ಮೆಪಟ್ಟವರ ಮನೆಯಲ್ಲಿ ಒಂದು ಸೂಜಿ ದಾರದ ಡಬ್ಬಿ ಇದೆಯಾ?

ಬೇರೆ ಕಡೆ ಹೋದೆ, ನಿಮ್ಮ ಗಂಟಿಗೆ ಬರುತ್ತೇನೆ.

ಸೀರೆಗಳನ್ನು ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ನೂಲಿನವು ಬೇರೆ, ನೈಲಾನ್, ಪಾಲಿಯೆಸ್ಟರ್ ಬೇರೆ ಮಾಡಿ. ಕೂಸಿನ ಮೈಗೆ ನೂಲಿನದ್ದೇ ಬೇಕು, ಎಷ್ಟು ಹಳೆಯದೋ ಅಷ್ಟು ಮೆತ್ತಗೆ. ಅಂಚು ಕತ್ತರಿಸಿ ತೆಗೆದಿಡಿ, ಸುತ್ತಲೂ ಪಟ್ಟಿ ಕೊಡಲು ಬರುತ್ತದೆ. ನಾಲ್ಕು ಪದರ ಸಾಕು. ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆದು, ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಸಾಲುಗಳು ಸೊಟ್ಟ ಬಂದರೆ ಬಿಚ್ಚಬೇಡಿ. ದಾರದ ಗಂಟು ಮಾತ್ರ ಪದರದ ಒಳಗೇ ಇರಲಿ, ಎಳೆ ಕೂಸಿಗೆ ಚುಚ್ಚಬಾರದು. ಕನ್ನಡಿ, ಮಣಿ ಏನೂ ಬೇಡ.

ಗದಗದ ಕಡೆಯವರು ಅಂದ ಮೇಲೆ ಗಂಟಿನಲ್ಲಿ ಒಂದಾದರೂ ಇಳಕಲ್ ಸೀರೆ ಇದ್ದೇ ಇರುತ್ತದೆ. ಸೆರಗು ಮೈಗೆ ಸೇರುವ ಜಾಗ ಹುಡುಕಿ. ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ನೇಯ್ದಿರುತ್ತಾರೆ. ಅದನ್ನು ಕತ್ತರಿಸಬೇಡಿ. ತೋಪತೆನಿ ಅನ್ನುವ ಚಿತ್ತಾರದ ಆ ಸೆರಗಿನ ಒಂದು ತುಂಡನ್ನು ಕೊಂಡಿ ಸಮೇತ ಮೇಲಿನ ಪದರದ ನಡುವಿಗೆ ಬರುವ ಹಾಗೆ ಇಡಿ.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಚಿ ಹೂವು ಇಡುತ್ತಾರೆ. ಆ ಹೂವಿಲ್ಲದಿದ್ದರೆ ಅವರಿಗೆ ಕೌದಿ ಬರಿಮೈಯಲ್ಲಿದ್ದ ಹಾಗೆ. ನಿಮಗೆ ಹಿಡಿಸಿದರೆ ಹಾಗೇ ಮಾಡಿ. ಹೂವು ಮಡಚುವುದನ್ನು ನಿಮ್ಮ ಮಕ್ಕಳಿಗೆ ಕೊಡಿ, ಇಬ್ಬರಿಗೂ ಎರಡೆರಡು ಮೂಲೆ. ಯಜಮಾನರು ದಿನಾ ರಾತ್ರಿ ನಾಲ್ಕು ಸೂಜಿಗೆ ದಾರ ಪೋಣಿಸಿಟ್ಟರೆ ನಿಮ್ಮ ಹತ್ತು ನಿಮಿಷ ಉಳಿಯುತ್ತದೆ. ಅವರಿಗೆ ಈ ಉತ್ತರ ಓದಲು ಕೊಡಿ.

ಹೆರಿಗೆಯ ಹೊತ್ತಿಗೆ ಮುಗಿಯದಿದ್ದರೆ ಗಾಬರಿ ಬೀಳಬೇಡಿ. ಕೂಸು ಮಗುಚಿಕೊಳ್ಳಲು ಇನ್ನೂ ನಾಲ್ಕೈದು ತಿಂಗಳು ತೆಗೆದುಕೊಳ್ಳುತ್ತದೆ. ಉಳಿದ ಸಾಲುಗಳನ್ನು ಬಾಣಂತಿ ತಂಗಿಯ ಪಕ್ಕದಲ್ಲೇ ಕೂತು ಹೊಲಿಯಿರಿ. ಎರಡು ಸಾಲು ಅವರೂ ಹಾಕಲಿ, ಅವರಿಗೂ ಅಮ್ಮನ ಸೀರೆ ತಾನೇ.